ಬಿಗ್ ಸ್ಟಾರ್ ಮೊದಲ ಆಲ್ಬಮ್: ಹೊಸ ಎಲ್‌ಪಿ, ಹಳೇ ಸಿಡಿ, ಫೋನು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಡಿಗೆ. ಬಿಗ್ ಸ್ಟಾರ್ ಬ್ಯಾಂಡಿನ 'ನಂಬರ್ 1 ರೆಕಾರ್ಡ್' ಆಲ್ಬಮನ್ನು ಮೊದಲು ಫೋನಿನಲ್ಲಿ ಕೇಳಿದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಸಿಡಿ ಸಿಕ್ಕಿತು. ಈ ವರ್ಷ ಹೊಸ ಎಲ್‌ಪಿ, ಅಂದರೆ ಮುಳ್ಳಿಟ್ಟು ಕೇಳುವ ದೊಡ್ಡ ಡಿಸ್ಕು, ತರಿಸಿದೆ. ಜಾಸ್ತಿ ದುಡ್ಡು ಹೋಗಿದ್ದು ಎಲ್‌ಪಿಗೆ, ಜಾಸ್ತಿ ಬೇಜಾರಾಗಿದ್ದೂ ಅದರಿಂದಲೇ.

ಇದು ಅಮೆರಿಕದ ಮೆಂಫಿಸ್ ಊರಿನ ಬ್ಯಾಂಡ್. ಆರ್ಡೆಂಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಈ ಆಲ್ಬಮ್ 1972ರಲ್ಲಿ ಬಂತು. ಪತ್ರಿಕೆಗಳು ಹೊಗಳಿದವು. ಆದರೆ ಹಂಚಿಕೆ ಕೈಕೊಟ್ಟಿತು, ಡಿಸ್ಕು ಎಷ್ಟೋ ಅಂಗಡಿಗಳಿಗೆ ತಲುಪಲೇ ಇಲ್ಲ. ಆಗ ಮಾರಾಟವಾಗಿದ್ದು 10,000ಕ್ಕಿಂತ ಕಡಿಮೆ. ಬ್ಯಾಂಡಿನ ಹಾಡುಗಾರರಾದ ಅಲೆಕ್ಸ್ ಚಿಲ್ಟನ್, ಕ್ರಿಸ್ ಬೆಲ್ ಒಟ್ಟಿಗೆ ಹಾಡುವುದನ್ನು ಕೇಳಿದಾಗೆಲ್ಲ, ಇದು ಜನಕ್ಕೆ ತಲುಪಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಎಲ್‌ಪಿಯ ತೊಂದರೆ ಒಂದೇ. ನಡುವಿನ ತೂತು ಸರಿಯಾಗಿ ನಡುವೆ ಇಲ್ಲ. ಮೊದಲ ಹಾಡಿನಲ್ಲಿ ಗೊತ್ತಾಗಲಿಲ್ಲ, ಡ್ರಮ್ಮಿನ ಸದ್ದಿನಲ್ಲಿ ಮುಚ್ಚಿಹೋಯಿತು. ನಾಲ್ಕನೇ ಹಾಡು 'ಥರ್ಟೀನ್'. ಅದರಲ್ಲಿ ಡ್ರಮ್ಮೇ ಇಲ್ಲ, ಅಕೂಸ್ಟಿಕ್ ಗಿಟಾರ್ ಮತ್ತು ಮೆಲುದನಿ ಅಷ್ಟೇ. ಶ್ರುತಿ ಉಯ್ಯಾಲೆ ಥರ ತೂಗುತ್ತಿತ್ತು. ಡಿಸ್ಕು ಒಂದು ಸುತ್ತು ತಿರುಗಲು 1.8 ಸೆಕೆಂಡು. ಪ್ರತಿ ಸುತ್ತಿಗೂ ಶ್ರುತಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಮನೆಯಲ್ಲಿ ತಂಬೂರಿ ಕೇಳುತ್ತಾ ಬೆಳೆದ ಕಿವಿ ಇದನ್ನು ಹೇಗೆ ತಡೆದುಕೊಳ್ಳಬೇಕು?

ಮುಳ್ಳು ಡಿಸ್ಕಿನ ನಡುವಿನ ಕಡೆಗೆ ಹೋದಷ್ಟೂ ತೂಗಾಟ ಜಾಸ್ತಿ. ಅಲ್ಲಿನ ಸುತ್ತು ಚಿಕ್ಕದು. ತೂತು ಜರುಗಿರುವುದು ಅಷ್ಟೇ ಆದರೂ ಚಿಕ್ಕ ಸುತ್ತಿನಲ್ಲಿ ಅದರ ಏಟು ದೊಡ್ಡದು. ಆ ಬದಿಯ ಕೊನೆಗೆ ಇರುವುದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಆಂಡಿ ಹಮ್ಮೆಲ್ ಬರೆದ 'ದಿ ಇಂಡಿಯಾ ಸಾಂಗ್'. ಕೊಳಲಿನಂಥ ಸ್ವರ ಇರುವ ಹಾಡು. ನೇರವಾಗಿ ನಿಲ್ಲಬೇಕಾದ ಸ್ವರ ಅಲುಗಾಡಿದರೆ ಕೇಳುವುದಾದರೂ ಏನು? ಎದ್ದು ಮುಳ್ಳು ತೆಗೆದೆ.

ಮಾರಿದವರಿಗೆ ಬರೆದೆ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಮೂರು ವಾರಕ್ಕೆ ಇನ್ನೊಂದು ಡಿಸ್ಕು ಬಂತು. ಅದರಲ್ಲೂ ಇದೇ ಕಥೆ, ತೂಗಾಟ ಸ್ವಲ್ಪ ಕಡಿಮೆ. ದುಡ್ಡು ವಾಪಸ್ ಕೊಡಲ್ಲ ಅಂದರು. ತೂತನ್ನು ಉಜ್ಜಿ ದೊಡ್ಡದು ಮಾಡಿ, ಡಿಸ್ಕನ್ನು ಜರುಗಿಸಿ ಕೂರಿಸುವವರೂ ಇದ್ದಾರೆ. ನನಗೆ ಮನಸ್ಸು ಬರಲಿಲ್ಲ.

ಸಿಡಿ 1992ರದ್ದು. ಎರಡನೇ ಆಲ್ಬಮ್ 'ರೇಡಿಯೋ ಸಿಟಿ' ಕೂಡ ಅದರಲ್ಲೇ ಇದೆ, ಒಂದರ ಬೆಲೆಗೆ ಎರಡು. ಶ್ರುತಿ ಕಲ್ಲಿನ ಹಾಗೆ ನಿಲ್ಲುತ್ತದೆ. ಒಂದು ನಿಮಿಷದ ಪುಟ್ಟ ಹಾಡಿನಿಂದ ಮೊದಲ ಆಲ್ಬಮ್ ಮೆಲ್ಲಗೆ ಮುಗಿಯುತ್ತದೆ, ಹಿಂದೆಯೇ ಎರಡನೆಯದರ ಗಿಟಾರ್ ನುಗ್ಗುತ್ತದೆ. ಅದಕ್ಕೆ 12ನೇ ಹಾಡು ಮುಗಿಯುತ್ತಿದ್ದಂತೆ ಸ್ಟಾಪ್ ಒತ್ತುತ್ತೇನೆ.

ಫೋನು ಬಸ್ಸಿಗೆ ಸರಿ.

ನಾನು ಕೇಳುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನಿನಲ್ಲಿ. ತಿಂಗಳಿಗೆ ಒಂದು ಡಿಸ್ಕು ಕೊಂಡರೇ ಹೆಚ್ಚು. ಅಂಥವರಿಗೆ ಸಿಡಿ ಸಾಕು. ಅಂಗಡಿಯಲ್ಲಿ ಹಾಕಿ ಕೇಳಿಸಿದರೆ ಮಾತ್ರ ಎಲ್‌ಪಿ ಕೊಳ್ಳಿ, ಅದೂ 'ಥರ್ಟೀನ್' ಕೇಳಿದ ಮೇಲೆ.

ಆದರೂ ಎಲ್‌ಪಿಯನ್ನು ಮಾರಿಲ್ಲ. ಡಿಸ್ಕು ಒತ್ತುವಾಗ ಬದಿಗೊಂದು ಅಚ್ಚು ಇರುತ್ತದಲ್ವಾ, ಒಂದು ಜರುಗಿದರೂ ಇನ್ನೊಂದು ಸರಿಯಿರಬಹುದು; ನನ್ನ ಡಿಸ್ಕಿನ ಎರಡನೇ ಬದಿ ಸರಿಯಾಗಿಯೇ ಕೂತಿದೆ. 'ವಾಚ್ ದ ಸನ್‌ರೈಸ್' ಇರುವುದು ಆ ಬದಿಯಲ್ಲಿ. ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಅದೊಂದನ್ನೇ ಹಾಕುತ್ತೇನೆ.