ಸ್ಯಾಂಟೊರಿನಿಯಲ್ಲಿ ‘ಫ್ರಿಜ್ ತುಂಬಿಸಿಡುತ್ತೇವೆ’ ಎನ್ನುವವರ ಬಗ್ಗೆ ಎಚ್ಚರ

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಅಡುಗೆಮನೆ ಇರುವ ಮನೆಯನ್ನು ಬಾಡಿಗೆಗೆ ಹಿಡಿದು ತಾವೇ ಬೇಯಿಸಿಕೊಂಡು ಉಣ್ಣುವ ಯೋಚನೆಯಲ್ಲಿರುವ ಎಲ್ಲರಿಗೂ, ವಿಶೇಷವಾಗಿ ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವ ಸಸ್ಯಾಹಾರಿ ಕುಟುಂಬಗಳಿಗೆ, ಇದನ್ನು ಬರೆಯುತ್ತಿದ್ದೇನೆ. ಮನೆ ನೋಡಿಕೊಳ್ಳುವವನು ‘ನೀವು ಬರುವ ಮೊದಲೇ ದಿನಸಿ ತಂದು ಫ್ರಿಜ್ ತುಂಬಿಸಿಡುತ್ತೇನೆ’ ಎಂದರೆ ಬೇಡವೆನ್ನಿ. ನಯವಾಗಿಯಾದರೂ ಸರಿ, ಒರಟಾಗಿಯಾದರೂ ಸರಿ, ಬೇಡವೆಂದೇ ಹೇಳಿ.

ನಾವು ಮ್ಯೂನಿಕ್‌ನಲ್ಲಿ ನೆಲೆಸಿದ್ದೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು, ಜೊತೆಗೆ ಭಾವನ ಸಂಸಾರವೂ ಇತ್ತು. ಅಮ್ಮನಿಗೆ ಹೊರಗಿನ ಊಟ ಒಂದು ಹೊತ್ತಿಗಿಂತ ಹೆಚ್ಚು ಒಗ್ಗುವುದಿಲ್ಲವಾದ್ದರಿಂದ, ಹೋಟೆಲನ್ನು ಬಿಟ್ಟು ಒಲೆ, ಪಾತ್ರೆ, ಫ್ರಿಜ್ ಇರುವ ಮನೆಯನ್ನೇ ಹುಡುಕಿ ಹಿಡಿದಿದ್ದೆವು. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟ ಹಡಗು ದ್ವೀಪದ ಅಥಿನಿಯೊಸ್ ಬಂದರನ್ನು ಭಾನುವಾರ ಸಂಜೆ ಮುಟ್ಟುವುದಿತ್ತು. ಅದಕ್ಕೆ ಎರಡು ದಿನ ಮೊದಲು ಮನೆ ನೋಡಿಕೊಳ್ಳುವವನಿಂದ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬಂತು: ‘ಭಾನುವಾರ ದ್ವೀಪದಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಪಟ್ಟಿ ಕಳುಹಿಸಿ, ನಾನೇ ತಂದಿಡುತ್ತೇನೆ. ಅಂಗಡಿಯ ಬೆಲೆ, ಅದರ ಮೇಲೆ ನನ್ನ ಸೇವೆಗೆ 20 ಯೂರೋ, ಅಷ್ಟೇ.’ ಅಂಗಡಿಯ ಬೆಲೆ ಎಂಬ ಮಾತು ಅವನದೇ. ಆ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ.

ಭಾನುವಾರದ ಮಾತಿನಲ್ಲಿ ಅರ್ಧ ಮಾತ್ರ ನಿಜ. ಗ್ರೀಸಿನಲ್ಲಿ ಭಾನುವಾರ ಅಂಗಡಿ ಮುಚ್ಚುವುದು ಸಾಮಾನ್ಯ ಪದ್ಧತಿಯಾದರೂ, ಪ್ರವಾಸಿಗರು ತುಂಬಿ ತುಳುಕುವ ದ್ವೀಪಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬಹಳಷ್ಟು ಅಂಗಡಿಗಳು ತೆರೆದೇ ಇರುತ್ತವೆ. ಬಂದರಿನಿಂದ ಮನೆಗೆ ಹೋಗುವ ದಾರಿಯಲ್ಲೇ ದೀಪ ಬೆಳಗಿಸಿಕೊಂಡು ಜನರಿಂದ ತುಂಬಿದ್ದ ದೊಡ್ಡದೊಂದು ಸೂಪರ್‌ಮಾರ್ಕೆಟನ್ನು ಭಾವ ನನಗೆ ಬೆರಳು ಮಾಡಿ ತೋರಿಸಿದರು. ನಾನು ಏನೂ ಹೇಳಲಿಲ್ಲ. ಆ ವೇಳೆಗೆ ಪಟ್ಟಿಯ ಸಾಮಾನೆಲ್ಲ ಮನೆಗೆ ಬಂದು ಬಿದ್ದಿತ್ತು.

ಅವನು ಬಾಗಿಲಲ್ಲೇ ನಿಂತಿದ್ದ. ನಗುನಗುತ್ತ ಅಪ್ಪನ ಕೈ ಕುಲುಕಿದ, ಅಮ್ಮನಿಗೆ ಒಂದು ಲೋಟ ನಿಂಬೆ ಶರಬತ್ತು ಕೊಟ್ಟ. ಆಮೇಲೆ ನೋಟ್‌ಪುಸ್ತಕದಿಂದ ಹರಿದ ಒಂದು ಹಾಳೆಯನ್ನು ನನ್ನ ಕೈಗಿತ್ತ. ದಿನಸಿಗೆ 140, ‘ದ್ವೀಪದ ತೆರಿಗೆ’ ಎಂದು ಶೇಕಡಾ 10ರಂತೆ 14, ಅವನ ಸೇವೆಗೆ 20, ಒಟ್ಟು 174 ಯೂರೋ, ನಗದು ಮಾತ್ರ. ಅಂಗಡಿಯ ರಸೀದಿ ಎಲ್ಲಿ ಎಂದು ಕೇಳಿದ್ದಕ್ಕೆ ‘ಕಾರಿನಲ್ಲಿದೆ, ನಾಳೆ ತರುತ್ತೇನೆ ಮೈ ಫ್ರೆಂಡ್’ ಎಂದ. ಹಡಗಿನ ಪ್ರಯಾಣದಿಂದ ಬಳಲಿದ ಮುದುಕರಿಬ್ಬರು ಸೋಫಾದ ಮೇಲೆ ಕುಸಿದು ಕುಳಿತಿರುವಾಗ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವವರು ಯಾರಿದ್ದಾರೆ? ಆ ಗಳಿಗೆಯನ್ನೇ ಅವನು ಲೆಕ್ಕ ಹಾಕಿ ಆರಿಸಿಕೊಂಡಿದ್ದ ಎಂದು ಈಗ ನನಗೆ ಖಚಿತವಾಗಿದೆ.

ಮೋಸ ಬಯಲಾಗಿದ್ದು ಅಮ್ಮನಿಂದ. ಟೊಮೆಟೊ ತೊಳೆಯಲೆಂದು ಪೊಟ್ಟಣವನ್ನು ತಿರುಗಿಸಿದಾಗ, ಅಂಗಡಿಯ ತಕ್ಕಡಿಯಿಂದ ಬಂದ ಚೀಟಿ ಅದರ ಅಡಿಭಾಗಕ್ಕೆ ಅಂಟಿಕೊಂಡೇ ಇತ್ತು. ಯುರೋಪಿನ ಅಂಗಡಿಗಳಲ್ಲಿ ಹಣ್ಣು ತರಕಾರಿ ತೂಗಿದಾಗ ಕಿಲೋ ಬೆಲೆ, ತೂಕ, ಒಟ್ಟು ಬೆಲೆ ಮೂರನ್ನೂ ಮುದ್ರಿಸುವ ಅದೇ ಚೀಟಿ. ಅಕ್ಷರಗಳು ಗ್ರೀಕ್‌ನಲ್ಲಿದ್ದರೂ ಅಂಕಿಗಳಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ: ಕಿಲೋಗೆ 1.98, ತೂಕ 2.040, ಒಟ್ಟು 4.04. ಹಾಳೆಯಲ್ಲಿ ಅವನು ಬರೆದದ್ದು ‘ಟೊಮೆಟೊ 12’. ಅಮ್ಮ ಚೀಟಿಯನ್ನು ನನ್ನ ಮುಂದೆ ಹಿಡಿದು, ‘ಇದೇನೋ, ನಾಲ್ಕು ಯೂರೋ ಟೊಮೆಟೊಗೆ ಹನ್ನೆರಡು ಕೊಟ್ಟೆಯಾ? ಸಾವಿರದಿನ್ನೂರು ರೂಪಾಯಿ ಅಲ್ಲವೇನೋ?’ ಎಂದರು. ಭಾವನವರು ಅಲ್ಲೇ ಇದ್ದರು. ಅವರು ಏನೂ ಹೇಳದೆ ಕಿಟಕಿಯ ಕಡೆ ನೋಡಿದರು, ನನಗೆ ಅದೇ ಹೆಚ್ಚು ಉರಿಯಿತು. ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವ ಮಾತಾಗಿದ್ದರಿಂದ ಅವರ ಹಣವೂ ಅದರಲ್ಲಿತ್ತು.

ಒಂದೊಂದನ್ನೇ ತೆಗೆದು ನೋಡತೊಡಗಿದೆವು. ಫೆಟಾ ಚೀಸ್ ಎಂದು ಎರಡು ಪೊಟ್ಟಣಕ್ಕೆ 18 ಯೂರೋ ಹಾಕಿದ್ದ. ಪೊಟ್ಟಣದ ಮೇಲೆ ಫೆಟಾ ಎಂಬ ಹೆಸರೇ ಇರಲಿಲ್ಲ, ಹಸುವಿನ ಚಿತ್ರವಿತ್ತು. ಫೆಟಾ ಎಂಬ ಹೆಸರಿಗೆ ಯುರೋಪ್ ಒಕ್ಕೂಟ 2002ರಲ್ಲಿ ರಕ್ಷಣೆ ಕೊಟ್ಟಿದೆ. ಅದನ್ನು ಕುರಿಯ ಹಾಲಿನಿಂದಲೇ, ಹೆಚ್ಚೆಂದರೆ ಶೇಕಡಾ 30ರಷ್ಟು ಮೇಕೆಯ ಹಾಲು ಬೆರೆಸಿ ಮಾಡಬೇಕು. ಹಸುವಿನ ಹಾಲಿನದು ಬರಿಯ ಬಿಳಿ ಚೀಸ್, ಅಗ್ಗದ್ದು. ಒಂದೂವರೆ ಲೀಟರಿನ ಆರು ಬಾಟಲಿ ನೀರಿನ ಕಟ್ಟಿಗೆ 12 ಯೂರೋ! ಅಲ್ಲಿಯ ನಲ್ಲಿ ನೀರು ಕುಡಿಯಲು ಆಗುವುದಿಲ್ಲವೆಂದು ಅವನು ಹೇಳಿದ್ದು ನಿಜವೇ, ಎಲ್ಲರೂ ಬಾಟಲಿ ನೀರನ್ನೇ ಕೊಳ್ಳುತ್ತಾರೆ. ಹಾಗೆಂದು ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಫಾವಾ. ತಿಳಿಯದವರಿಗೆ ಹೇಳುವುದಾದರೆ, ಸ್ಯಾಂಟೊರಿನಿಯ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆಯುವ ಈ ಹಳದಿ ಬೇಳೆಯನ್ನು ಬೇಯಿಸಿ ಒಗ್ಗರಣೆ ಕೊಟ್ಟರೆ ನಮ್ಮ ತೊವ್ವೆಗೆ ತುಂಬ ಹತ್ತಿರವಾಗುತ್ತದೆ. ನಮ್ಮಲ್ಲಿ ತೊಗರಿಬೇಳೆಗೆ ಕಲಬೆರಕೆ ಮಾಡುತ್ತಾರೆಂದು ಬೈಸಿಕೊಳ್ಳುವ ಕೇಸರಿ ಬೇಳೆಯ ಹತ್ತಿರದ ಸಂಬಂಧಿ ಅದು. ಅಲ್ಲಿಯ ಫಾವಾಗೂ ಫೆಟಾದಂತೆಯೇ ಮೂಲಸ್ಥಾನದ ರಕ್ಷಣೆಯಿದೆ (ಅಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು), ಪೊಟ್ಟಣದ ಮೇಲೆ ಕೆಂಪು ಹಳದಿಯ ದುಂಡನೆಯ ಮುದ್ರೆ ಇರುತ್ತದೆ, ಬೆಲೆಯೂ ಹೆಚ್ಚು. ಪಟ್ಟಿಯಲ್ಲಿ ನಾನು ‘ಸ್ಯಾಂಟೊರಿನಿ ಫಾವಾ’ ಎಂದು ಬಿಡಿಸಿ ಬರೆದಿದ್ದೆ. ಎರಡು ಪೊಟ್ಟಣಕ್ಕೆ 22 ಯೂರೋ ತೆಗೆದುಕೊಂಡು ಅವನು ಇಟ್ಟಿದ್ದು ಯಾವ ಮುದ್ರೆಯೂ ಇಲ್ಲದ, ಬೇರೆ ಕಡೆಯಿಂದ ಬಂದ ಸಾಧಾರಣ ಬಟಾಣಿ ಬೇಳೆ. ಅಮ್ಮ ಅದರಲ್ಲೇ ಸಾರು ಮಾಡಿದರು. ಯಾರೂ ಮಾತಾಡದೆ ಊಟ ಮಾಡಿದೆವು.

ಮರುದಿನ ಬೆಳಿಗ್ಗೆ ಭಾವನೊಂದಿಗೆ ಬಸ್ಸು ಹಿಡಿದು ದ್ವೀಪದ ಮುಖ್ಯ ಪಟ್ಟಣ ಫಿರಾದ ಕಡೆಯ ಸೂಪರ್‌ಮಾರ್ಕೆಟಿಗೆ ಹೋಗಿ, ಅವನು ತಂದ ಅದೇ ಸಾಮಾನುಗಳ ಬೆಲೆಯನ್ನು ಕಪಾಟಿನ ಚೀಟಿಗಳಿಂದ ಬರೆದುಕೊಂಡು ಕೂಡಿಸಿದೆ. 61 ಯೂರೋ. ಅವನು ತೆಗೆದುಕೊಂಡದ್ದು, ಸೇವಾ ಶುಲ್ಕವನ್ನು ಬಿಟ್ಟು, 154. ದ್ವೀಪದಲ್ಲಿ ಬೆಲೆ ಹೆಚ್ಚು, ಇಯಾದಂಥ ಪ್ರವಾಸಿ ಹಳ್ಳಿಗಳ ಚಿಕ್ಕ ಅಂಗಡಿಗಳಲ್ಲಿ ಇನ್ನೂ ಹೆಚ್ಚು, ಅದು ನನಗೂ ಗೊತ್ತು. ಅದಕ್ಕಾಗಿ ಯಾರೂ ಸಿಟ್ಟಾಗುವುದಿಲ್ಲ. ಆದರೆ ಅವನ ಸಾಮಾನು ಬಂದದ್ದು ಚಿಕ್ಕ ಅಂಗಡಿಯಿಂದಲ್ಲ, ಟೊಮೆಟೊ ಚೀಟಿಯ ಮೇಲಿದ್ದ ಹೆಸರು ಅದೇ ಸೂಪರ್‌ಮಾರ್ಕೆಟಿನದು.

ಇನ್ನು ಅವನ ಉತ್ತರಗಳನ್ನು ಓದಿ. ಚೀಟಿಯ ಫೋಟೊ ಕಳುಹಿಸಿದೆ. ಮೊದಲ ಉತ್ತರ: ‘ಅದು ಹಳೆಯ ಚೀಟಿ.’ ಅದರ ಮೇಲೆ ನಾವು ಬಂದಿಳಿದ ಭಾನುವಾರದ ದಿನಾಂಕವೇ ಇತ್ತು, ಅದನ್ನು ತೋರಿಸಿದೆ. ‘ಮೈ ಫ್ರೆಂಡ್, ಇದು ದ್ವೀಪ, ಎಲ್ಲವೂ ಹಡಗಿನಲ್ಲಿ ಬರುತ್ತದೆ.’ ಹಡಗಿನ ಖರ್ಚು ಅಂಗಡಿಯ ಬೆಲೆಯಲ್ಲೇ ಸೇರಿಲ್ಲವೇ ಎಂದು ಕೇಳಿದೆ. ‘ಪೆಟ್ರೋಲ್.’ ಒಂದೇ ಪದ. ಪೆಟ್ರೋಲಿಗೆ 20 ಯೂರೋ ಕೊಟ್ಟಿಲ್ಲವೇ ಎಂದೆ. ‘ಅದು ನನ್ನ ಸಮಯಕ್ಕೆ.’ ಫಾವಾ ಯಾಕೆ ಬೇರೆ ಇದೆ ಎಂದರೆ ‘ರುಚಿ ಒಂದೇ, ನಿಮ್ಮವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.’ ನಿಮ್ಮವರಿಗೆ! ಬೇಳೆಯ ವ್ಯತ್ಯಾಸ ನಮ್ಮ ಅಮ್ಮನಿಗೆ ತಿಳಿಯುವುದಿಲ್ಲವಂತೆ. ನಾನು ಆ ಸಾಲನ್ನು ಅಮ್ಮನಿಗೆ ಅನುವಾದಿಸಿ ಹೇಳಲಿಲ್ಲ, ಹೇಳುವ ಧೈರ್ಯವಾಗಲಿಲ್ಲ.

ಆ ‘ದ್ವೀಪದ ತೆರಿಗೆ’ಯ ಕಥೆಯನ್ನೂ ತಿಳಿದುಕೊಳ್ಳಿ. ದಿನಸಿಯ ಮೇಲೆ ಅಂಥದ್ದೊಂದು ತೆರಿಗೆ ಇಲ್ಲವೇ ಇಲ್ಲ. ಗ್ರೀಸಿನಲ್ಲಿ ಬಹುತೇಕ ಆಹಾರ ಪದಾರ್ಥಗಳ ಮೇಲೆ ಶೇಕಡಾ 13, ಇತರ ಸಾಮಾನುಗಳ ಮೇಲೆ ಶೇಕಡಾ 24 ಮೌಲ್ಯವರ್ಧಿತ ತೆರಿಗೆ ಇದ್ದು, ಅದು ಕಪಾಟಿನ ಮೇಲೆ ಕಾಣುವ ಬೆಲೆಯಲ್ಲೇ ಅಡಗಿರುತ್ತದೆ. ವಸತಿಯ ಮೇಲೆ, ರಾತ್ರಿಗೆ ಇಂತಿಷ್ಟು ಎಂದು, 2024ರಿಂದ ಹವಾಮಾನದ ಹೆಸರಿನ ಶುಲ್ಕವೊಂದಿದೆ. ಅದು ನಿಜವಾದದ್ದು, ಅದನ್ನು ನಾವು ಬೇರೆಯಾಗಿ ಕೊಟ್ಟಿದ್ದೆವು. ಪ್ರವಾಸಿಗರು ಅದರ ಹೆಸರು ಕೇಳಿರುತ್ತಾರೆಂದು ತಿಳಿದೇ ಇವನು ಟೊಮೆಟೊ ಮೇಲೂ ತೆರಿಗೆ ಹಾಕಿದ್ದಾನೆ. ಕೇಳಿದ್ದಕ್ಕೆ ಬಂದ ಉತ್ತರ: ‘ಎಲ್ಲರೂ ಕೊಡುತ್ತಾರೆ.’

ಮನೆ ಕಾಯ್ದಿರಿಸಿದ ಜಾಲತಾಣಕ್ಕೆ ದೂರು ಕೊಟ್ಟರೆ, ದಿನಸಿಯ ವ್ಯವಹಾರ ತಮ್ಮ ಮೂಲಕ ನಡೆದಿಲ್ಲ, ನಗದಾಗಿ ಕೊಟ್ಟ ಹಣಕ್ಕೆ ತಾವು ಹೊಣೆಯಲ್ಲ ಎಂದು ಅವರು ಕೈತೊಳೆದುಕೊಂಡರು. ಅದಾದ ಮೇಲೆ ಇವನು ಅಲ್ಲಿ ನಮ್ಮ ಬಗ್ಗೆಯೇ ಅಭಿಪ್ರಾಯ ಬರೆದ: ಸಣ್ಣ ಮೊತ್ತಕ್ಕೆ ಜಗಳವಾಡುವ ಅತಿಥಿಗಳು, ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ.

ಹೋಗುವವರು ಇಷ್ಟು ಮಾಡಿ. ಮೊದಲ ರಾತ್ರಿಗೆ ಬೇಕಾದ ಅಕ್ಕಿ, ಬೇಳೆ, ಸಾರಿನಪುಡಿಯನ್ನು ಚೀಲದಲ್ಲೇ ಒಯ್ಯಿರಿ. ತೊಗರಿಬೇಳೆ ಅಲ್ಲಿ ಸಿಗುತ್ತದೆಂದು ನಂಬಬೇಡಿ. ಮರುದಿನ ಬಸ್ಸಿನಲ್ಲಿ ನೀವೇ ಹೋಗಿ ತನ್ನಿ, ಎಲ್ಲ ಬಸ್ಸುಗಳೂ ಫಿರಾ ಮೂಲಕವೇ ಹೋಗುತ್ತವೆ. ಯಾರಿಂದಲಾದರೂ ತರಿಸಲೇಬೇಕಾದರೆ ಅಂಗಡಿಯ ಮುದ್ರಿತ ರಸೀದಿ ಕೈಗೆ ಬರುವವರೆಗೆ ಒಂದು ಸೆಂಟನ್ನೂ ಬಿಚ್ಚಬೇಡಿ. ಅಧಿಕೃತ ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂಬ ಫಲಕವನ್ನು ಆ ದೇಶದ ಅಂಗಡಿ ಹೋಟೆಲುಗಳಲ್ಲೇ ತೂಗುಹಾಕಿರುತ್ತಾರೆ. ಪ್ರವಾಸಿ ಪೊಲೀಸರ ಸಂಖ್ಯೆ 1571, ಗ್ರಾಹಕರ ದೂರಿಗೆ 1520. ನಾನು 1520ಕ್ಕೆ ದೂರು ಕೊಟ್ಟಿದ್ದೇನೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಇದನ್ನು ಬರೆಯುತ್ತಿರುವಾಗ ಅವನಿಂದ ಮತ್ತೊಂದು ಸಂದೇಶ ಬಂದಿದೆ. ಫ್ರಿಜ್‌ನಲ್ಲಿ ಬಿಟ್ಟು ಬಂದ ಅರ್ಧ ಪೊಟ್ಟಣ ಚೀಸನ್ನು ಎಸೆಯಲು ಕೆಲಸದವಳಿಗೆ ಹೆಚ್ಚಿನ ಹೊತ್ತು ಹಿಡಿಯಿತಂತೆ, ಅದಕ್ಕೆ 15 ಯೂರೋ ಕಳುಹಿಸಬೇಕಂತೆ. ನಾನು ಉತ್ತರವಾಗಿ ಟೊಮೆಟೊ ಚೀಟಿಯ ಫೋಟೊವನ್ನೇ ಮತ್ತೆ ಕಳುಹಿಸಿದೆ.