ದವಡೆ ತೆರೆಸುವ ಹಿಡಿಕೆ: ಲೇತ್ ಕೆಲಸದ ಒಬ್ಬ ಟರ್ನರ್ ಬರೆದ ರಿವ್ಯೂ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಕ್ಯಾನ್ಸರ್ ಚಿಕಿತ್ಸೆ ಆದ ಮೇಲೆ ಬಿಗಿದ ಬಾಯಿಯನ್ನು ತೆರೆಸಲು ಕೈಯಲ್ಲಿ ಒತ್ತುವ ಈ ವಸ್ತು ಚೆನ್ನಾಗಿದೆ, ತಯಾರಿಕೆಯಲ್ಲಿ ಮೋಸವಿಲ್ಲ. ಆದರೆ ಪೆಟ್ಟಿಗೆಯೊಳಗಿನ ಬಣ್ಣದ ಪುಸ್ತಿಕೆ ಹೇಳುವಷ್ಟು ಅನಿವಾರ್ಯವೂ ಅಲ್ಲ. ಸಾಲ ಮಾಡಿ ಕೊಳ್ಳಬೇಕಾದ ಸ್ಥಿತಿಯಿದ್ದರೆ ಖಂಡಿತ ಕೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ.

ಬಾಯಿ, ನಾಲಿಗೆ, ಟಾನ್ಸಿಲ್, ದವಡೆಯ ಸುತ್ತಮುತ್ತ ಕ್ಯಾನ್ಸರ್ ಬಂದು ಆಪರೇಷನ್ನೋ ರೇಡಿಯೇಷನ್ನೋ ಎರಡೂನೋ ಆದವರಲ್ಲಿ ಸುಮಾರು ಜನಕ್ಕೆ ಆಮೇಲೆ ಬಾಯಿ ಬಿಗಿದುಕೊಳ್ಳುತ್ತದೆ. ಡಾಕ್ಟರುಗಳ ಮಾತಿನಲ್ಲಿ ಟ್ರಿಸ್ಮಸ್. ನನ್ನದು ಎಡಗೆನ್ನೆಯ ಒಳಗೋಡೆಯ ಗಡ್ಡೆ. ಅದನ್ನು ತೆಗೆದು ತೊಡೆಯ ಚರ್ಮ ತಂದು ಕೂರಿಸಿದರು, ಮೇಲೆ ರೇಡಿಯೇಷನ್ ಕೊಟ್ಟರು. ಹುಣ್ಣು ಮಾಯಿತು, ರುಚಿ ಅಷ್ಟಿಷ್ಟು ವಾಪಸ್ ಬಂತು, ಬಾಯಿ ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಹೋಯಿತು. ಚಮಚವನ್ನು ಓರೆ ಮಾಡಿ ತೂರಿಸಬೇಕು. ಬ್ರಷ್ ಹಿಂದಿನ ಹಲ್ಲಿಗೆ ಹೋಗುತ್ತದೆ, ಅಲ್ಲಿ ತಿರುಗುವುದಿಲ್ಲ. ಆಕಳಿಕೆ ಬಂದರೆ ಅರ್ಧಕ್ಕೇ ನಿಂತು ಕಿವಿಯ ಮುಂದೆ ಚಳುಕು ಹೊಡೆಯುತ್ತದೆ. ಗಡ್ಡೆ ಮತ್ತೆ ಬಂದಿದೆಯೋ ಇಲ್ಲವೋ ನೋಡಲು ಡಾಕ್ಟರು ಟಾರ್ಚ್ ಹಿಡಿದರೆ ಅವರಿಗೆ ಕಾಣುವುದು ಮುಂದಿನ ಹಲ್ಲು ಮಾತ್ರ. ಇದು ಬರೀ ಊಟದ ಕಷ್ಟ ಅಲ್ಲ, ತಪಾಸಣೆಗೂ ಕಷ್ಟ.

ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ತುದಿಯ ನಡುವಿನ ಅಂತರವೇ ಇಲ್ಲಿ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಬರುತ್ತದೆ. 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟ್ರಿಸ್ಮಸ್ ಅಂತ ನೆದರ್ಲೆಂಡ್ಸ್‌ನ ಸಂಶೋಧಕರು 2006ರಲ್ಲಿ ಗೆರೆ ಎಳೆದರು, ಈಗ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ಮನೆಯಲ್ಲಿ ನೋಡಿಕೊಳ್ಳಲು ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತದೆಯೇ ಅಂತ ನೋಡಿದರೆ ಸಾಕು. ನನಗೆ ಒಂದೂವರೆ ಬೆರಳು ಹಿಡಿಸುತ್ತಿತ್ತು. ಬೆರಳಿನ ಲೆಕ್ಕ ಟರ್ನರ್‌ಗೆ ಸಮಾಧಾನ ಕೊಡುವುದಿಲ್ಲವಲ್ಲ, ಪ್ಲಾಸ್ಟಿಕ್ ವರ್ನಿಯರ್ ತಗೊಂಡು ಒಳ ಅಳತೆಯ ಕೊಕ್ಕಿನಿಂದ ನೋಡಿದೆ: 21.

ಬಿಗಿಯುವುದು ಯಾಕೆ ಅಂತ ನುಂಗುವ ತೊಂದರೆ ನೋಡಿಕೊಳ್ಳುವ ಸ್ವಾಲೋ ಥೆರಪಿಸ್ಟ್ ಮೇಡಂ ಗೋಡೆಯ ಚಿತ್ರದಲ್ಲಿ ತೋರಿಸಿದರು. ಅಗಿಯುವ ಸ್ನಾಯುಗಳಲ್ಲಿ ಎರಡು ಮುಖ್ಯ. ಕೆನ್ನೆಯ ಹೊರಗೆ ಕೈಗೆ ಸಿಗುವ ಮ್ಯಾಸೆಟರ್ ಒಂದು, ಒಳಗೆ ಅಡಗಿರುವ ಟೆರಿಗಾಯ್ಡ್ ಇನ್ನೊಂದು. ರೇಡಿಯೇಷನ್ ತಿಂದ ಸ್ನಾಯು ನಿಧಾನವಾಗಿ ನಾರಾಗುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ರೇಡಿಯೇಷನ್ ಮುಗಿದ ಮೊದಲ 9 ತಿಂಗಳಲ್ಲಿ ಬಾಯಿ ಬೇಗ ಬೇಗ ಮುಚ್ಚುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ. ರೋಟರ್‌ಡ್ಯಾಂನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಟೆರಿಗಾಯ್ಡ್‌ಗೆ 40 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ದಾಟಿದ ಮೇಲೆ ಪ್ರತಿ 10 ಗ್ರೇ ಹೆಚ್ಚಿದಾಗಲೂ ಬಾಯಿ ಬಿಗಿಯುವ ಸಾಧ್ಯತೆ 24 ಶೇಕಡಾ ಏರುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಒಟ್ಟು ಕೊಡುವುದು 60ರಿಂದ 70 ಗ್ರೇ. ಅಂದಮೇಲೆ ಪ್ಲಾನಿಂಗ್ ಮಾಡುವಾಗ ಈ ಸ್ನಾಯುಗಳನ್ನು ಎಷ್ಟು ಬದಿಗಿಟ್ಟರು ಅನ್ನುವುದರ ಮೇಲೇ ಅರ್ಧ ಹಣೆಬರಹ ಬರೆದಾಗಿರುತ್ತದೆ. ಇನ್ನೂ ರೇಡಿಯೇಷನ್ ಶುರುವಾಗದವರು ಇದನ್ನು ಓದುತ್ತಿದ್ದರೆ ಈ ಪ್ರಶ್ನೆಯನ್ನು ಈಗಲೇ ಕೇಳಿ.

ಈಗ ಉಪಕರಣಕ್ಕೆ ಬರೋಣ. ಕಂಪನಿಯ ಹೆಸರು ಹಾಕುವುದಿಲ್ಲ. ಈ ನಮೂನೆಯವು ಬೇರೆ ಬೇರೆ ಮೇಕ್‌ನಲ್ಲಿ ಬರುತ್ತವೆ. ಮುಂದೆ ಕುದುರೆ ಲಾಳದ ಆಕಾರದ ಎರಡು ಚಪ್ಪಟೆ ತುಟಿ, ಹಿಂದೆ ಹಿಡಿಕೆ. ತುಟಿಗಳನ್ನು ಹಲ್ಲಿನ ನಡುವೆ ಇಟ್ಟು ಹಿಡಿಕೆ ಒತ್ತಿದರೆ ಅವು ಅಗಲವಾಗಿ ದವಡೆಯನ್ನು ತೆರೆಸುತ್ತವೆ. ಎಲ್ಲಿಯವರೆಗೆ ತೆರೆಯಬೇಕು ಅಂತ ನಿಲ್ಲಿಸಲು ಒಂದು ತಿರುಪು. ಹಲ್ಲಿಗೆ ತಾಗುವ ಕಡೆ ಅಂಟಿಸುವ ಮೆತ್ತನೆಯ ಪ್ಯಾಡ್. ಜೊತೆಗೆ ರಟ್ಟಿನ ಅಳತೆಪಟ್ಟಿ: ಅದರ ಕಚ್ಚನ್ನು ಕೆಳಗಿನ ಹಲ್ಲಿಗೆ ಕೂರಿಸಿ, ಮೇಲಿನ ಹಲ್ಲಿಗೆ ತಾಗುವವರೆಗೆ ತಿರುಗಿಸಿ ಅಂಕೆ ಓದಬೇಕು. ಚೆನ್ನಾದ ಐಡಿಯಾ. ಎಂಜಲು ತಾಗಿ ರಟ್ಟು ಮೆತ್ತಗಾದ ಮೇಲೆ ಒಂದೆರಡು ಮಿಲಿಮೀಟರ್ ಸುಳ್ಳು ಹೇಳುತ್ತದೆ, ಅಷ್ಟೇ.

ಇದರ ನಿಜವಾದ ಜಾಣತನ ಇರುವುದು ತೆರೆದುಕೊಳ್ಳುವ ದಾರಿಯಲ್ಲಿ. ಹೊರಗಿನಿಂದ ನೋಡಿದರೆ ದವಡೆ ಬಾಗಿಲಿನ ಹಾಗೆ ಒಂದೇ ಕೀಲಿನ ಮೇಲೆ ತಿರುಗುತ್ತದೆ ಅನ್ನಿಸುತ್ತದೆ. ಆದರೆ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ. ಮೊದಲ 20-25 ಮಿಲಿಮೀಟರ್‌ವರೆಗೆ ಕೀಲಿನ ಗುಂಡು ಇದ್ದಲ್ಲೇ ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಪಿವಟ್ ಒಂದೇ ಜಾಗದಲ್ಲಿರುವ ಸಾದಾ ಇಕ್ಕಳದಿಂದ ಅಗಲಿಸಿದರೆ ಹೊರೆಯೆಲ್ಲ ಕೀಲಿಗೇ ಬೀಳುತ್ತದೆ. ಈ ಹಿಡಿಕೆಯ ತುಟಿಗಳು ಸ್ವಲ್ಪ ಬಾಗಿದ ದಾರಿಯಲ್ಲಿ ಚಲಿಸುವ ಹಾಗೆ ಮಾಡಿದ್ದಾರೆ. ಬಿಚ್ಚಿ ನೋಡಿದೆ (ಗ್ಯಾರಂಟಿ ಹೋಯಿತು, ಹೋಗಲಿ), ಒಳಗಿನ ಗಾಡಿ ಸರಿಯಾದ ವಕ್ರರೇಖೆಯಲ್ಲೇ ಓಡುತ್ತದೆ. ಡ್ರಾಯಿಂಗ್ ಬರೆದವರು ದವಡೆಯನ್ನು ಅಳೆದವರೇ. ಪಿನ್ನಿನಲ್ಲಿ ಹೊಸದರಲ್ಲೇ ಸ್ವಲ್ಪ ಪ್ಲೇ, ಅಂದರೆ ಸಡಿಲ ಇತ್ತು, ಬಳಸುತ್ತ ಹೆಚ್ಚಾಯಿತು. ಒತ್ತಿದಾಗ ತುಟಿ ಎಡಕ್ಕೆ ವಾಲುತ್ತದೆ. ಇಷ್ಟು ದುಡ್ಡಿನ ಸಾಮಾನಿಗೆ ಪಿನ್ನನ್ನು ಬಿಗಿಯಾಗಿ ಹಿಡಿಯುವ ಒಂದು ಬುಷ್ ಹಾಕಲು ಏನಾಗಿತ್ತು?

ಬಳಸುವ ಕ್ರಮ ಎರಡು ಚಾಲ್ತಿಯಲ್ಲಿವೆ. ಮೂರು ಏಳರದು: ದಿನಕ್ಕೆ 7 ಸಲ, ಸಲಕ್ಕೆ 7 ಎಳೆತ, ಒಂದೊಂದೂ 7 ಸೆಕೆಂಡ್. ಇನ್ನೊಂದು: ದಿನಕ್ಕೆ 5 ಸಲ, ಸಲಕ್ಕೆ 5 ಎಳೆತ, ಒಂದೊಂದೂ 30 ಸೆಕೆಂಡ್. ಲೆಕ್ಕ ಹಾಕಿ. ಮೊದಲನೆಯದರಲ್ಲಿ ಸ್ನಾಯು ಇಡೀ ದಿನದಲ್ಲಿ ಹಿಗ್ಗಿ ನಿಲ್ಲುವುದು 343 ಸೆಕೆಂಡ್, ಆರು ನಿಮಿಷವೂ ಇಲ್ಲ. ಎರಡನೆಯದರಲ್ಲಿ 750 ಸೆಕೆಂಡ್, ಹನ್ನೆರಡೂವರೆ ನಿಮಿಷ. ಹೊರಗೆ ಓಡಾಡುವವರಿಗೆ ಏಳು ಸಲ ಎಲ್ಲಿ ಸಾಧ್ಯ? ಬಸ್ಸಿನಲ್ಲಿ ಕೂತು ಬಾಯಿಗೆ ಇಕ್ಕಳ ಹಾಕಿಕೊಂಡರೆ ಪಕ್ಕದವರು ಎದ್ದು ಹೋಗುತ್ತಾರೆ. ನಾನು ಮೇಡಂನ ಕೇಳಿ ಎರಡನೆಯದಕ್ಕೆ ಬಿದ್ದೆ. ಅವರು ಹೇಳಿದ ಒಂದು ಮಾತು ಪುಸ್ತಿಕೆಯಲ್ಲಿ ಇರಲಿಲ್ಲ: "ಸರ್, ಎಳೆಯುವ ಹಾಗೆ ಅನ್ನಿಸಬೇಕು, ಚುಚ್ಚುವ ಹಾಗೆ ಅನ್ನಿಸಬಾರದು. ಚುಚ್ಚಿದರೆ ಸ್ನಾಯು ತಿರುಗಿ ಬಿಗಿಯುತ್ತೆ. ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಶುರು ಮಾಡಿ." ರೇಡಿಯೇಷನ್ ಬಿದ್ದ ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಬಟ್ಟೆಯನ್ನು ಮೊದಲು ಮುಂಗೈ ಮೇಲೆ ಇಟ್ಟು ನೋಡುತ್ತೇನೆ.

ಮೊದಲ ವಾರಗಳಲ್ಲಿ ಅಂಕೆ ಕದಲಲಿಲ್ಲ. ಆಮೇಲೆ ಒಂದೊಂದೇ ಮಿಲಿಮೀಟರ್. ಈಗ 33ರ ಆಸುಪಾಸು, ಬೆಳಿಗ್ಗೆ ಎದ್ದಾಗ 30, ವ್ಯಾಯಾಮ ಆದ ಮೇಲೆ 34. ಎರಡು ದಿನ ಬಿಟ್ಟರೆ ಗಳಿಸಿದ್ದರಲ್ಲಿ ಸ್ವಲ್ಪ ವಾಪಸ್ ಕಿತ್ತುಕೊಳ್ಳುತ್ತದೆ. 35ರ ಗೆರೆ ಇನ್ನೂ ದಾಟಿಲ್ಲ, ಆದರೆ ಬ್ರಷ್ ತಿರುಗುತ್ತದೆ, ಡಾಕ್ಟರ ಕನ್ನಡಿ ಒಳಗೆ ಹೋಗುತ್ತದೆ.

ಹಾಗಾದರೆ ಐದಕ್ಕೆ ಐದು ಯಾಕಿಲ್ಲ? ಒಂದು ರಾತ್ರಿ ಮಗಳು ಫೋನಿನಲ್ಲಿ ಏನೋ ಓದುತ್ತಿದ್ದವಳು, "ಅಪ್ಪಾ, ಇಲ್ಲಿ ನೋಡು, ಮರದ ಕಡ್ಡಿಯಲ್ಲೂ ಇಷ್ಟೇ ಆಗುತ್ತಂತೆ" ಅಂದಳು. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗ ಅದು. ತಲೆ-ಕುತ್ತಿಗೆ ಕ್ಯಾನ್ಸರಿನ 71 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಥೆರಾಬೈಟ್ ಅನ್ನುವ ಈ ಜಾತಿಯ ಹೆಸರಾಂತ ಉಪಕರಣ, ಇನ್ನೊಂದಕ್ಕೆ ಡಾಕ್ಟರು ನಾಲಿಗೆ ಒತ್ತಿ ನೋಡುವ ಮರದ ಚಪ್ಪಟೆ ಕಡ್ಡಿಗಳನ್ನು ಕೊಟ್ಟರು. ಎರಡೂ ಗುಂಪಿನ ನಡುವೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಚಿಕ್ಕ ಪ್ರಯೋಗ, ಕೊನೆಯ ತೀರ್ಪು ಅಂತ ಹಿಡಿಯಬಾರದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನವರು ಎರಡು ಬೇರೆ ಬೇರೆ ಉಪಕರಣ ಕೊಟ್ಟು 10 ವಾರ ಕ್ರಮವಾಗಿ ವ್ಯಾಯಾಮ ಮಾಡಿಸಿದರು. ಅಲ್ಲೂ ಎರಡರಲ್ಲೂ ಬಾಯಿ ತೆರೆಯಿತು. ಯಾವ ಸಾಮಾನು ಅನ್ನುವುದಕ್ಕಿಂತ ದಿನಾ ಮಾಡಿದರೋ ಇಲ್ಲವೋ ಅನ್ನುವುದೇ ದೊಡ್ಡದು ಅಂತ ನನಗೆ ಕಾಣುತ್ತದೆ.

ಪುಸ್ತಿಕೆಯವರು ಹೇಳದ ಇನ್ನೊಂದೂ ಇದೆ. ರೇಡಿಯೇಷನ್ ನಡೆಯುವಾಗಲೇ ವ್ಯಾಯಾಮ ಶುರು ಮಾಡಿದರೆ ಬಿಗಿಯುವುದನ್ನೇ ತಡೆಯಬಹುದು ಅಂತ ಪುಸ್ತಿಕೆ ಖಡಾಖಂಡಿತ ಹೇಳುತ್ತದೆ. ಡೆನ್ಮಾರ್ಕ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಮುಂಚಿನ ವ್ಯಾಯಾಮದಿಂದ ಟ್ರಿಸ್ಮಸ್ ಕಡಿಮೆಯಾದ ಹಾಗೆ ಅವರಿಗೆ ಕಾಣಲಿಲ್ಲ. ಹಾಗಂತ ಸುಮ್ಮನೆ ಕೂರಿ ಅಂತ ಯಾವ ಥೆರಪಿಸ್ಟೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮಾರುವವರು ಅನುಮಾನವನ್ನೂ ಅಚ್ಚು ಹಾಕಬೇಕಲ್ಲವೇ?

ಮಗಳ ಮಾತು ಕೇಳಿ ಕಡ್ಡಿಯನ್ನೂ ಬಳಸಿ ನೋಡಿದೆ. ಒಂದು ಕಡ್ಡಿಯ ದಪ್ಪ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಬಾಯಿಗೆ ಹಿಡಿಸುವಷ್ಟನ್ನು ಜೋಡಿಸಿ ಟೇಪ್ ಸುತ್ತಿ, ಹಲ್ಲಿನ ನಡುವೆ ಇಟ್ಟುಕೊಂಡು, ಮಧ್ಯಕ್ಕೆ ಇನ್ನೊಂದು ಕಡ್ಡಿ ತೂರಿಸುವುದು. ಸಂದಿ ಅಳೆಯುವ ಫೀಲರ್ ಗೇಜ್‌ನ ಎಲೆ ಸೇರಿಸಿದ ಹಾಗೆ, ಎಷ್ಟು ಸೇರಿಸಿದೆವು ಅಂತ ಕೈಗೇ ಗೊತ್ತಾಗುತ್ತದೆ. ಈ ವಿಷಯದಲ್ಲಿ ಹಿಡಿಕೆಗಿಂತ ಕಡ್ಡಿಯೇ ಲೇಸು: ನಿನ್ನೆ ಹದಿನಾರು, ಇವತ್ತು ಹದಿನೇಳು, ರಟ್ಟಿನ ಪಟ್ಟಿಯ ಹಂಗೇ ಇಲ್ಲ. ತೊಂದರೆಯೂ ಇದೆ. ಹೊರೆ ಎರಡು ಮೂರು ಹಲ್ಲಿನ ಮೇಲೇ ಬೀಳುತ್ತದೆ. ಲಾಲಾರಸ ಇಲ್ಲದ ಒಣಬಾಯಿಗೆ ಮರ ಅಂಟಿಕೊಂಡು ತುಟಿಯ ಸಿಪ್ಪೆ ಎದ್ದು ಬರುತ್ತದೆ, ಮೊದಲು ನೀರಿನಲ್ಲಿ ಅದ್ದಬೇಕು. ಅಂಚಿನಲ್ಲಿ ಸಿಬಿರು ಇದ್ದರೆ ಕಥೆ ಮುಗಿಯಿತು, ಒಂದೊಂದನ್ನೂ ಪಾಲಿಶ್ ಪೇಪರಿನಲ್ಲಿ ಉಜ್ಜಿ ಇಟ್ಟುಕೊಳ್ಳುತ್ತೇನೆ. ಥ್ರೆಡ್ ಕೊರೆದ ಪ್ಲಾಸ್ಟಿಕ್ ಶಂಕು ಅಂತ ಇನ್ನೊಂದು ಸಿಗುತ್ತದೆ, ತಿರುಗಿಸುತ್ತ ಹೋದ ಹಾಗೆ ಬಾಯಿ ಅಗಲಿಸುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಹಲ್ಲಿನ ತುದಿಗೆ ಥ್ರೆಡ್ ಕೂತಾಗ ಎಷ್ಟು ಒತ್ತಡ ಬೀಳುತ್ತದೆ ಅಂತ ಗೊತ್ತಿರುವ ನಾನು ಅದನ್ನು ಬಾಯಿಗೆ ಇಡಲಿಲ್ಲ.

ಹಿಡಿಕೆ ಗೆಲ್ಲುವುದು ಎಲ್ಲಿ ಅಂದರೆ, ಸೋಮಾರಿತನದ ಎದುರು. ಕಡ್ಡಿ ಜೋಡಿಸಬೇಕು, ಟೇಪ್ ಸುತ್ತಬೇಕು, ತೊಳೆಯಲಾಗದು, ಎಸೆಯಬೇಕು. ಹಿಡಿಕೆ ಎತ್ತಿಕೋ, ಒತ್ತು, ತೊಳೆದಿಡು. ಸುಸ್ತಾದ ದಿನ ನನ್ನ ಕೈ ಹೋಗುವುದು ಹಿಡಿಕೆಯ ಕಡೆಗೇ. ಆದರೆ ತೀರಾ ಬಿಗಿದವರಿಗೆ, ಅಂದರೆ ಹಲ್ಲಿನ ನಡುವೆ ಒಂದು ಬೆರಳೂ ತೂರದವರಿಗೆ, ಇದರ ತುಟಿ ಒಳಗೆ ಕೂರುವುದೇ ಕಷ್ಟ. ಅವರು ಕಡ್ಡಿಯಿಂದಲೇ ಶುರು ಮಾಡಬೇಕು. ಮುಂದಿನ ಹಲ್ಲು ಇಲ್ಲದವರಿಗೆ ಒಸಡಿನ ಮೇಲೆ ಕೂರುವ ದಪ್ಪ ಪ್ಯಾಡ್ ಬೇಕು, ನನ್ನ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ತಲೆ-ಕುತ್ತಿಗೆ ಕ್ಯಾನ್ಸರಿನ ಸುದ್ದಿ ಅಂತ ಪೇಪರಿನಲ್ಲಿ ಬರುವುದೆಲ್ಲ ಔಷಧಿಯದೇ. ಬರಲಿ, ಬರಬೇಕಾದ್ದೇ. ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ) ಔಷಧಿಯನ್ನು ಆಪರೇಷನ್ನಿಗೆ ಮೊದಲೂ ಆಮೇಲೂ ಕೊಟ್ಟು 714 ರೋಗಿಗಳಲ್ಲಿ ಮಾಡಿದ ಪ್ರಯೋಗದಲ್ಲಿ, ಮೂರು ವರ್ಷದ ಹೊತ್ತಿಗೆ ರೋಗ ಉಲ್ಬಣಿಸದೆ, ಮರುಕಳಿಸದೆ ಬದುಕಿದ್ದವರು 57.6 ಶೇಕಡಾ, ಔಷಧಿ ಇಲ್ಲದ ಗುಂಪಿನಲ್ಲಿ 46.4. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಹಾಗೆ ಬದುಕುಳಿದವರಲ್ಲೂ ಎಷ್ಟೋ ಜನ ಬಿಗಿದ ದವಡೆ ಹೊತ್ತುಕೊಂಡೇ ಓಡಾಡಬೇಕು. ಅದಕ್ಕೆ ಇರುವ ಪ್ರಯೋಗಗಳೋ ಐವತ್ತು, ನೂರು ಜನರವು. ನುಂಗುವ ಸ್ನಾಯುಗಳನ್ನು ಉಳಿಸಿ ರೇಡಿಯೇಷನ್ ಕೊಟ್ಟರೆ ನುಂಗುವುದು ಸುಧಾರಿಸುತ್ತದೆ ಅಂತ ಬ್ರಿಟನ್ನಿನ ಡಾರ್ಸ್ ಪ್ರಯೋಗ 2023ರಲ್ಲಿ ತೋರಿಸಿತು, 112 ರೋಗಿಗಳಲ್ಲಿ. ಅಗಿಯುವ ಸ್ನಾಯುಗಳಿಗೂ ಅಂಥದ್ದೊಂದು ದೊಡ್ಡ ಪ್ರಯೋಗ ಬಂದರೆ ನನ್ನಂಥವರಿಗೆ ಈ ಹಿಡಿಕೆಯ ರಿವ್ಯೂ ಬರೆಯುವ ಕೆಲಸವೇ ಇರುವುದಿಲ್ಲ.

ಯಾರು ಇದನ್ನು ಮುಟ್ಟಬಾರದು ಅನ್ನುವುದು ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ, ಇಲ್ಲಿ ದೊಡ್ಡದಾಗಿ ಹೇಳುತ್ತೇನೆ. ದವಡೆ ಮೂಳೆ ಕತ್ತರಿಸಿ ಪ್ಲೇಟ್ ಹಾಕಿಸಿಕೊಂಡವರು, ಮೂಳೆ ಮುರಿದಿರುವವರು, ರೇಡಿಯೇಷನ್ನಿನಿಂದ ದವಡೆ ಮೂಳೆ ಸತ್ತಿದೆ ಅಂತ ಡಾಕ್ಟರು ಹೇಳಿರುವವರು, ಹಲ್ಲು ಅಲ್ಲಾಡುವವರು ಸರ್ಜನ್‌ನ ಕೇಳದೆ ಬಳಸಬಾರದು. ಹೊಸ ಹೊಲಿಗೆ ಮಾಯುವ ಮೊದಲು ಯಾರೂ ಬಳಸಬಾರದು. ಚೆನ್ನಾಗಿ ತೆರೆಯುತ್ತಿದ್ದ ಬಾಯಿ ಇದ್ದಕ್ಕಿದ್ದಂತೆ ಕೆಲವೇ ವಾರಗಳಲ್ಲಿ ಬಿಗಿದರೆ, ಹೊಸ ನೋವು ಜೊತೆಗಿದ್ದರೆ, ಹಿಡಿಕೆ ಜೋರಾಗಿ ಒತ್ತಬೇಡಿ. ರೋಗ ಮರುಕಳಿಸಿದ್ದಕ್ಕೂ ಹಾಗೆ ಆಗಬಹುದು, ನೇರ ಡಾಕ್ಟರ ಹತ್ತಿರ ಹೋಗಿ.

ಕೊಳ್ಳುವುದೇ ಆದರೆ ಅಂಗಡಿಯವರನ್ನು ಪ್ಯಾಡ್ ಬಿಡಿಯಾಗಿ ಸಿಗುತ್ತದೆಯೇ ಅಂತ ಮೊದಲು ಕೇಳಿ. ನನಗೆ ಮಾರಿದವರು "ಬರುತ್ತೆ ಸರ್, ಬರುತ್ತೆ" ಅನ್ನುತ್ತಲೇ ಇದ್ದಾರೆ. ಸದ್ಯಕ್ಕೆ ಮೇಡಂ ಒಪ್ಪಿಗೆ ಪಡೆದು, ಬಾಯಿಗೆ ಇಡಬಹುದಾದ ಮೆದು ಸಿಲಿಕಾನ್ ಹಾಳೆ ತಂದು ಅಳತೆಗೆ ಕತ್ತರಿಸಿ ಕೂರಿಸಿದ್ದೇನೆ. ಕಂಪನಿಯದಕ್ಕಿಂತ ಅದೇ ಗಟ್ಟಿಯಾಗಿ ನಿಂತಿದೆ.