ಬಾಕ್ಸ್‌ಸ್ಟರ್ ಎಸ್, ಎಸ್2000, ಎಂ3: ಇಪ್ಪತ್ತು ಸಾವಿರ ಡಾಲರ್ ಒಳಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 2003–04ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್‌ಗೆ. ಕಣ್ಣಿಗೆ ಬಿದ್ದ ಯಾವುದೋ ಬಾಕ್ಸ್‌ಸ್ಟರ್‌ಗಲ್ಲ. ಕ್ಲಚ್ಚೂ ಎಂಜಿನ್ ಒಳಗಿನ ಐಎಂಎಸ್ ಬೇರಿಂಗೂ (ಅದೇನೆಂದು ಮುಂದೆ ಹೇಳುತ್ತೇನೆ) ಬದಲಿಸಿದ ಬಿಲ್ ಇರಬೇಕು, ಇಲ್ಲವೇ ಆ ಖರ್ಚನ್ನು ಮಾರುವವರು ಬೆಲೆಯಲ್ಲಿ ಬಿಟ್ಟುಕೊಡಬೇಕು. ಎದುರಿಗೆ ನಿಲ್ಲುವವು ಹೊಂಡಾ ಎಸ್2000 ಮತ್ತು ಬಿಎಂಡಬ್ಲ್ಯು ಇ46 ಪೀಳಿಗೆಯ ಎಂ3. ಅಮೆರಿಕದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುವವರ ಪಟ್ಟಿಯಲ್ಲಿ ಕೊನೆಗೆ ಉಳಿಯುವುದು ಹೆಚ್ಚಾಗಿ ಈ ಮೂರೇ. ಮೂರನ್ನೂ ಓಡಿಸಿ, ಮೂರರ ಅಡಿಯಲ್ಲೂ ಮಲಗಿ ನೋಡಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಹೀಗಿದೆ. ಕಾರಿನ ಬೆಲೆ ಮತ್ತು ಮೊದಲ ವರ್ಷದ ರಿಪೇರಿ ಸೇರಿ 20,000 ಡಾಲರ್ ದಾಟಬಾರದು. ಬಳಕೆ ವಾರಾಂತ್ಯದಲ್ಲಿ ಕ್ಯಾಲಿಫೋರ್ನಿಯಾದ ಸ್ಕೈಲೈನ್ ಬೌಲೆವಾರ್ಡ್, ಹೈವೇ 9ರಂಥ ಬೆಟ್ಟದ ರಸ್ತೆಗಳಲ್ಲಿ, ಟ್ರ್ಯಾಕಿಗೆ ಒಯ್ಯುವುದಿಲ್ಲ. ಆಯಿಲ್, ಬ್ರೇಕ್ ಪ್ಯಾಡ್, ಕೂಲೆಂಟ್ ಮನೆಯ ಗರಾಜಿನಲ್ಲೇ ಬದಲಿಸುವ ಅಭ್ಯಾಸ. ಗೇರ್‌ಬಾಕ್ಸ್ ಇಳಿಸುವ ಕೆಲಸ ಮಾತ್ರ ಮೆಕ್ಯಾನಿಕ್‌ಗೆ. ನಿಮ್ಮ ಬಳಕೆ ಬೇರೆಯಾದರೆ ತೀರ್ಪೂ ಬೇರೆಯಾಗುತ್ತದೆ.

ಬಾಕ್ಸ್‌ಸ್ಟರ್ ಅಂದ ಕೂಡಲೇ ಎಲ್ಲರೂ ಎತ್ತುವ ಐಎಂಎಸ್ ಬೇರಿಂಗಿನ ವಿಷಯವನ್ನೇ ಮೊದಲು ಮುಗಿಸೋಣ. ಜನ ಇದಕ್ಕೆ ಹೆದರುತ್ತಾರೆ, ಆದರೆ ಒಳಗೆ ಏನಾಗುತ್ತದೆ ಎಂದು ತಿಳಿದವರು ಕಡಿಮೆ. ಈ ಕಾರಿನ ಎಂ96 ಎಂಜಿನ್‌ನಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್‌ಗಳಿಗೆ ಚೈನ್ ನೇರವಾಗಿ ಹೋಗುವುದಿಲ್ಲ. ನಡುವೆ ಇಂಟರ್‌ಮೀಡಿಯೇಟ್ ಶಾಫ್ಟ್ (ಐಎಂಎಸ್) ಎಂಬ ಉದ್ದನೆಯ ಶಾಫ್ಟ್ ಇದೆ. ಅದರ ಗೇರ್‌ಬಾಕ್ಸ್ ಕಡೆಯ ತುದಿಯನ್ನು ಹೊತ್ತಿರುವುದು ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮಾಡಿದ ಪುಟ್ಟ ಬಾಲ್ ಬೇರಿಂಗ್. ವರ್ಷಗಳು ಕಳೆದಂತೆ ಆ ರಬ್ಬರ್ ಸೀಲ್ ಗಟ್ಟಿಯಾಗುತ್ತದೆ. ಬಿಸಿ ಎಂಜಿನ್ ಆಯಿಲ್ ಒಳಗೆ ಜಿನುಗಿ ಗ್ರೀಸನ್ನು ತೊಳೆದು ಹಾಕುತ್ತದೆ. ಒಳಗೆ ಹೋದ ಆಯಿಲ್ ಹೊರಗೆ ಬರಲು ದಾರಿಯಿಲ್ಲ, ಹೊಸ ಆಯಿಲ್ ಒಳಗೆ ಹೋಗಲೂ ದಾರಿಯಿಲ್ಲ. ಕೊಳೆತ ಆಯಿಲ್‌ನಲ್ಲೇ ಗುಂಡುಗಳು ತಿರುಗುತ್ತಾ ಸವೆಯುತ್ತವೆ. ಬೇರಿಂಗ್ ಪುಡಿಯಾದರೆ ಶಾಫ್ಟ್ ಓಲಾಡುತ್ತದೆ, ಚೈನ್ ಹಲ್ಲು ತಪ್ಪುತ್ತದೆ, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಸುಮಾರಿಗೆ ಒಂದೇ ಸಾಲಿನದು ಬಂತು, ತೊಂದರೆ ಹೆಚ್ಚಿದ್ದೂ ಅದರಲ್ಲೇ. 2001ರ ಮೇ 4ರಿಂದ 2005ರ ಫೆಬ್ರವರಿ 21ರ ನಡುವೆ ತಯಾರಾದ ಕಾರುಗಳ ಬಗ್ಗೆ ಅಮೆರಿಕದಲ್ಲಿ ಮಾಲೀಕರ ಸಾಮೂಹಿಕ ಮೊಕದ್ದಮೆ ನಡೆದು ರಾಜಿಯಲ್ಲಿ ಮುಗಿಯಿತು. ಆ ಪರಿಹಾರದ ಅವಧಿ ಎಂದೋ ಕಳೆದಿದೆ, ಈಗ ಖರ್ಚೆಲ್ಲ ಕೊಂಡವರದ್ದೇ. 2003–04ರ ಕಾರುಗಳೂ ಈ ಒಂದೇ ಸಾಲಿನವು. ಆದರೂ ನನ್ನ ಓಟು ಅವಕ್ಕೇ ಏಕೆಂದರೆ ಈ ಬೇರಿಂಗನ್ನು ಎಂಜಿನ್ ಬಿಚ್ಚದೆ, ಗೇರ್‌ಬಾಕ್ಸ್ ಇಳಿಸಿ ಹೊರಗೆ ತೆಗೆಯಬಹುದು. 2006ರಿಂದ 2008ರ ಕಾರುಗಳಲ್ಲಿ ದೊಡ್ಡ ಬೇರಿಂಗ್ ಇದೆ. ಅದು ಗಟ್ಟಿಮುಟ್ಟು ನಿಜ, ಆದರೆ ಕ್ರ್ಯಾಂಕ್‌ಕೇಸನ್ನು ಎರಡು ಹೋಳು ಮಾಡದೆ ಹೊರಗೆ ಬರುವುದಿಲ್ಲ. ಬಲ್ಲವರು ಅದರ ಹೊರಗಿನ ಸೀಲ್ ಕಿತ್ತು, ಆಯಿಲ್ ಸಲೀಸಾಗಿ ಓಡಾಡುವಂತೆ ಮಾಡಿ ಬಿಡುತ್ತಾರೆ. 2005ರ ಕಾರುಗಳಲ್ಲಿ ಎರಡೂ ಬಗೆಯ ಬೇರಿಂಗ್ ಬಂದಿವೆ, ಅಂಥದ್ದಾದರೆ ಫ್ಲೈವ್ಹೀಲ್ ಬಿಚ್ಚಿದಾಗ ಬೇರಿಂಗ್ ಮುಚ್ಚಿರುವ ಫ್ಲ್ಯಾಂಜಿನ ನಡುವಿನ ನಟ್ ನೋಡಬೇಕು. 13 ಎಂಎಂ ಸ್ಪ್ಯಾನರ್ ಕೂತರೆ ಚಿಕ್ಕ ಬೇರಿಂಗ್, 22 ಬೇಕಾದರೆ ದೊಡ್ಡದು.

ಗೇರ್‌ಬಾಕ್ಸ್ ಇಳಿಸಿದ ಮೇಲಿನ ಕೆಲಸದ ಕ್ರಮ ಗೊತ್ತಿದ್ದರೆ ಬಿಲ್ ಓದುವಾಗಲೂ ಮೆಕ್ಯಾನಿಕ್ ಜೊತೆ ಮಾತಾಡುವಾಗಲೂ ಅನುಕೂಲ. ಕ್ಲಚ್, ಫ್ಲೈವ್ಹೀಲ್ ಬಿಚ್ಚಿ, ಮುಂದಿನ ಪುಲ್ಲಿಯ ತೂತಿನಲ್ಲಿ ಪಿನ್ ಹಾಕಿ ಕ್ರ್ಯಾಂಕನ್ನು ಟಾಪ್ ಡೆಡ್ ಸೆಂಟರ್‌ನಲ್ಲಿ (ಪಿಸ್ಟನ್ ತುತ್ತತುದಿಗೆ ಬಂದ ಸ್ಥಾನ) ಬಿಗಿಯಬೇಕು. ಹೆಡ್ಡುಗಳ ತುದಿಯ ಹಸಿರು ಬಿರಡೆ ಕಿತ್ತು ಕ್ಯಾಮ್ ಲಾಕ್ ಹಾಕಬೇಕು. ಚೈನ್ ಟೆನ್ಷನರ್‌ಗಳನ್ನು ಬಿಚ್ಚಿದ ಮೇಲಷ್ಟೇ ಐಎಂಎಸ್ ಫ್ಲ್ಯಾಂಜ್‌ಗೆ ಕೈ ಹಾಕಬೇಕು. ಈ ಕ್ರಮ ತಪ್ಪಿಸಿದರೆ ಚೈನಿನ ಎಳೆತಕ್ಕೆ ಶಾಫ್ಟ್ ಒಂದು ಕಡೆ ವಾಲುತ್ತದೆ, ಟೈಮಿಂಗ್ ಹಾಳಾಗುತ್ತದೆ. ಪುಲ್ಲರ್‌ನಿಂದ ಹಳೆಯ ಬೇರಿಂಗ್ ಎಳೆದು ಹೊಸದನ್ನು ಕೂರಿಸಿದ ಮೇಲೆ ಟೈಮಿಂಗನ್ನು ಮತ್ತೊಮ್ಮೆ ನೋಡಬೇಕು. ಪಕ್ಕದಲ್ಲೇ ಇರುವ ಕ್ರ್ಯಾಂಕಿನ ರಿಯರ್ ಮೇನ್ ಸೀಲನ್ನೂ ಆಗಲೇ ಬದಲಿಸಿ. ಹೊಸ ಮಾದರಿಯ ಈ ಸೀಲಿಗೆ ಎಣ್ಣೆ ಸವರಬಾರದು, ಒಣಗಿದ್ದಂತೆಯೇ ಕೂರಿಸಬೇಕು. ಫ್ಲೈವ್ಹೀಲ್ ಬೋಲ್ಟುಗಳು ಒಂದೇ ಬಳಕೆಯವು. ಹೊಸದನ್ನು 25 ನ್ಯೂಟನ್ ಮೀಟರ್‌ಗೆ ಬಿಗಿದು, ಮೇಲೆ 90 ಡಿಗ್ರಿ ತಿರುಗಿಸಬೇಕು. ಬಿಲ್ಲಿನಲ್ಲಿ ಹೊಸ ಬೋಲ್ಟು, ಹೊಸ ಸೀಲಿನ ಸಾಲು ಕಾಣದಿದ್ದರೆ ಕೆಲಸ ಹೇಗೆ ನಡೆದಿದೆ ಎಂದು ಕೇಳಿ.

ಈ ಕೆಲಸಕ್ಕೆ ಕೈ ಹಾಕುವ ಮೊದಲು ಆಯಿಲ್ ಫಿಲ್ಟರ್ ಬಿಚ್ಚಿ ನೋಡಲೇಬೇಕು. ಇದು ಕಾಗದದ ಕಾರ್ಟ್ರಿಡ್ಜ್, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿರುತ್ತದೆ. ಬ್ಲೇಡಿನಿಂದ ಎರಡೂ ತುದಿ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಬಿಳಿ ಟವೆಲ್ ಮೇಲೆ ಹರಡಿ ಬಿಸಿಲಿನಲ್ಲಿ ಓರೆಯಾಗಿ ಹಿಡಿಯಿರಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಒಂದೆರಡು ಕಂಡರೆ ಅದು ಚೈನ್ ಗೈಡಿನ ಸವೆತ, ಈ ವಯಸ್ಸಿಗೆ ಸಹಜ. ಮಿನುಗುವ ಚೂರುಗಳ ಮೇಲೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಉಕ್ಕು, ಎಂದರೆ ಬೇರಿಂಗ್ ಆಗಲೇ ಉದುರಲು ಶುರುವಾಗಿದೆ. ಆ ಹಂತದಲ್ಲಿ ಹೊಸ ಬೇರಿಂಗ್ ಹಾಕುವುದು ದುಡ್ಡು ದಂಡ, ಏಕೆಂದರೆ ಚೂರುಗಳು ಎಂಜಿನ್ ತುಂಬಾ ಹರಡಿರುತ್ತವೆ, ಹೊಸ ಬೇರಿಂಗನ್ನೂ ಅವೇ ತಿನ್ನುತ್ತವೆ. ಅಂಥ ಕಾರನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಡಿ. ಮಾರುವವರು ಫಿಲ್ಟರ್ ಬಿಚ್ಚಲು ಒಪ್ಪದಿದ್ದರೂ ಬಿಡಿ.

ಕ್ಲಚ್, ಬೇರಿಂಗ್, ಸೀಲ್ ಎಲ್ಲ ಸೇರಿ ಒಳ್ಳೆಯ ಸ್ವತಂತ್ರ ಗರಾಜಿನಲ್ಲಿ 3,000ದಿಂದ 4,500 ಡಾಲರ್ ಆಸುಪಾಸು ಆಗುತ್ತದೆ. ಮೊತ್ತ ದೊಡ್ಡದೇ. ಆದರೆ ಎಷ್ಟು, ಯಾವಾಗ ಎಂಬುದು ಮೊದಲೇ ಗೊತ್ತಿರುವ ಖರ್ಚು ಇದು. ಇದರ ಹೆದರಿಕೆಯಿಂದಲೇ ಈ ಕಾರಿನ ಬೆಲೆ ಅಷ್ಟು ಕೆಳಗಿದೆ: ಒಳ್ಳೆಯ 986 ಎಸ್ (986 ಎಂದರೆ 2004ರವರೆಗಿನ ಬಾಕ್ಸ್‌ಸ್ಟರ್‌ನ ಮಾದರಿ ಸಂಖ್ಯೆ) 12ರಿಂದ 15 ಸಾವಿರ ಡಾಲರಿಗೆ ಸಿಗುತ್ತದೆ. ಕೆಲಸ ಮುಗಿಸಿದ ಮೇಲೂ ನನ್ನ ಲೆಕ್ಕದೊಳಗೇ ಇದ್ದೇನೆ. ಆಮೇಲೆ ಕಂಪನಿ ಹೇಳಿದ 15,000 ಮೈಲಿಗೆ ಕಾಯದೆ, 5,000 ಮೈಲಿಗೆ ಅಥವಾ ಆರು ತಿಂಗಳಿಗೆ ಆಯಿಲ್ ಬದಲಿಸಿ. 8 ಲೀಟರ್‌ಗೂ ಹೆಚ್ಚು ಹಿಡಿಯುತ್ತದೆ, ಲೆಕ್ಕವಿಟ್ಟು ಕೊಂಡಿಟ್ಟುಕೊಳ್ಳಿ. ಡ್ರೈನ್ ಬೋಲ್ಟ್ 50 ನ್ಯೂಟನ್ ಮೀಟರ್, ಫಿಲ್ಟರ್ ಡಬ್ಬಿ 25. ಎರಡಕ್ಕೂ ಪ್ರತಿ ಸಲ ಹೊಸ ವಾಷರ್, ಹೊಸ ರಿಂಗ್.

ವರ್ಷವಿಡೀ ಗೋಳು ಕೊಡುವುದು ಮಾತ್ರ ಬೇರಿಂಗ್ ಅಲ್ಲ, ನೀರು. ಬಟ್ಟೆಯ ಮೇಲ್ಛಾವಣಿ ಮಡಿಚಿ ಕೂರುವ ಜಾಗದ ಎರಡೂ ಮೂಲೆಯಲ್ಲಿ ಮಳೆನೀರು ಇಳಿಯುವ ತೂತುಗಳಿವೆ. ಮರದಡಿ ನಿಲ್ಲಿಸಿದರೆ ಎಲೆಚೂರು, ಪೈನ್ ಸೂಜಿ ತುಂಬಿ ಕಟ್ಟಿಕೊಳ್ಳುತ್ತವೆ. ನೀರು ಕಾರಿನೊಳಗೆ ಹರಿದು ಎಡ ಸೀಟಿನ ಕೆಳಗಿನ ಕಾರ್ಪೆಟ್‌ನಲ್ಲಿ ನಿಲ್ಲುತ್ತದೆ. ಇಮ್ಮೊಬಿಲೈಸರ್ ಮತ್ತು ಸೆಂಟ್ರಲ್ ಲಾಕಿಂಗಿನ ಕಂಟ್ರೋಲ್ ಯೂನಿಟ್ ಇರುವುದೂ ಸರಿಯಾಗಿ ಅಲ್ಲೇ. ಅದು ನೆನೆದರೆ ಮೊದಲು ರಿಮೋಟ್ ಕೆಲಸ ಮಾಡುವುದಿಲ್ಲ, ಆಮೇಲೆ ತಾನಾಗಿ ಅಲಾರಂ ಬಡಿಯುತ್ತದೆ, ಕೊನೆಗೆ ಸ್ಟಾರ್ಟೇ ಆಗುವುದಿಲ್ಲ. ಹೊಸ ಯೂನಿಟ್ ಹಾಕಿದರೆ ಸಾಲದು, ಕೀಲಿಗೆ ಹೊಂದುವಂತೆ ಕೋಡಿಂಗ್ ಮಾಡಿಸಬೇಕು. ಇಷ್ಟನ್ನೆಲ್ಲ ತಡೆಯುವ ಕೆಲಸಕ್ಕೆ ಹತ್ತು ನಿಮಿಷ ಸಾಕು. ಛಾವಣಿಯನ್ನು ಅರ್ಧ ತೆರೆದು ನಿಲ್ಲಿಸಿ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ತೂತಿನೊಳಗೆ ಆಡಿಸಿ, ಮೇಲಿಂದ ಒಂದು ಲೋಟ ನೀರು ಹಾಕಿ. ಕಾರಿನ ಅಡಿಯಲ್ಲಿ, ಹಿಂದಿನ ಚಕ್ರದ ಮುಂದೆ, ಧಾರೆ ಕಾಣಬೇಕು. ಗಟ್ಟಿ ತಂತಿ ತುರುಕಬೇಡಿ, ಒಳಗಿನ ಕೊಳವೆ ಜಾರುತ್ತದೆ. ಕಾರು ನೋಡಲು ಹೋದಾಗ ಎಡ ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ತಣ್ಣಗೆ ಒದ್ದೆ ತಗುಲಿದರೆ ಬೆಲೆಯ ಮಾತು ಹೊಸದಾಗಿ ಶುರುಮಾಡಿ.

ಮುಂದಿನ ಬಂಪರಿನ ಗಾಳಿ ಕಿಂಡಿಗಳಲ್ಲೂ ಎಲೆ ತುಂಬಿ ಎಸಿ ಕಂಡೆನ್ಸರ್ ಕೊರೆದು ಹೋಗುತ್ತದೆ, ವರ್ಷಕ್ಕೊಮ್ಮೆ ವ್ಯಾಕ್ಯೂಮ್ ಹಿಡಿಯಿರಿ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆಯಲಾಗದಷ್ಟು ಬಿಗಿಯಾಗಿ ಎಳೆದುಕೊಂಡಿದ್ದರೆ ಎಂಜಿನ್ ಆವಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರಿನ ಪೊರೆ ಹರಿದಿದೆ; ಬಿಳಿ ಹೊಗೆ ಬರುವ ಮೊದಲೇ ಬದಲಿಸಿ. ಕೂಲೆಂಟ್ ಟ್ಯಾಂಕ್ ಬಿರುಕು ಬಿಡುವುದು ಖಂಡಿತ.

ಇನ್ನು ಎಸ್2000. ಎಂಜಿನ್ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ, ಅದರಲ್ಲಿ ನನಗೆ ಎರಡು ಮಾತಿಲ್ಲ. ತೊಂದರೆಗಳು ಕಡಿಮೆ, ಪರಿಹಾರವೂ ಅಗ್ಗ. ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಲ್ಲಿ ಜಲ್ಲಿ ಅಲ್ಲಾಡಿದಂಥ ಸದ್ದು ಬಂದರೆ ಟೈಮಿಂಗ್ ಚೈನ್ ಟೆನ್ಷನರ್. ಗಟ್ಟಿಯಾಗಿ ವೇಗ ಹೆಚ್ಚಿಸುವಾಗ ನಡುಕ ಬಂದರೆ ಹಿಂದಿನ ಆಕ್ಸಲ್‌ಗಳ ಒಳಗಿನ ಸಿವಿ ಕಪ್ (ಜಾಯಿಂಟ್ ಕೂರುವ ಬಟ್ಟಲು) ಸವೆದಿದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಸವೆಯದ ಮೈ ಕೆಲಸಕ್ಕೆ ಬರುತ್ತದೆ. 2000–2003ರ ಎಪಿ1 ಕಾರಿನಲ್ಲಿ ವಾಲ್ವ್ ಕವರ್ ಬಿಚ್ಚಿಸಿ, ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ರಿಟೇನರ್ ನೋಡಲೇಬೇಕು. ಹಿಂದೆ ಯಾರೋ ಐದನೇ ಗೇರ್ ಎಂದುಕೊಂಡು ಮೂರಕ್ಕೆ ಎಳೆದಿದ್ದರೆ ಆರ್‌ಪಿಎಂ ಮಿತಿ ಮೀರಿ ರಿಟೇನರ್ ಬಿರುಕು ಬಿಟ್ಟಿರುತ್ತದೆ, ಅದನ್ನು ವಾಲ್ವ್‌ಗೆ ಕಚ್ಚಿಸುವ ಕೀಪರ್‌ಗಳು ಒಳಕ್ಕೆ ಕುಸಿದಿರುತ್ತವೆ. ಮೇಲ್ನೋಟಕ್ಕೆ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಬದಲಿಗೆ 2004ರಿಂದ ಬಂದ ಎಪಿ2ರ ರಿಟೇನರ್ ಹಾಕಿಸಿದರೆ ಆಯಿತು. ಎರಡನೇ ಗೇರ್ ಕರಕರ ಎಂದರೆ ಸಿಂಕ್ರೋ (ಗೇರ್ ಸಲೀಸಾಗಿ ಕೂರಿಸುವ ಉಂಗುರ) ಸವೆದಿದೆ. ಸಿಲಿಂಡರ್ ಒಳಮೈ ಫೈಬರ್ ಬೆರೆಸಿದ ಲೋಹದ್ದು, ಸಾಮಾನ್ಯ ಎಂಜಿನ್‌ನಂತೆ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಹಾಕಲು ಬರುವುದಿಲ್ಲ. ಹಾಗಾಗಿ ಆಯಿಲ್ ಮಟ್ಟವನ್ನು ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ನೋಡಬೇಕು.

ಹಾಗಿದ್ದೂ ಇದು ನನ್ನ ಆಯ್ಕೆ ಅಲ್ಲದಿರಲು ಎರಡು ಕಾರಣ. ಒಂದು, ಬೆಲೆ. ಚೊಕ್ಕ ಎಸ್2000 ಈಗ 25 ಸಾವಿರ ಡಾಲರಿನಿಂದ ಮೇಲಕ್ಕೇ ಮಾತಾಡುತ್ತದೆ. ಕೆಡುವುದಿಲ್ಲ ಎಂಬ ನಂಬಿಕೆಗೆ ಕೊಡುವ ಆ ಹೆಚ್ಚುವರಿ ಹಣದಲ್ಲಿ ಬಾಕ್ಸ್‌ಸ್ಟರ್‌ನ ಬೇರಿಂಗ್ ಕೆಲಸ ಮಾಡಿಸಿ, ಟೈರ್ ಹಾಕಿಸಿ, ಇನ್ನೂ ಉಳಿಯುತ್ತದೆ. ಎರಡು, ಟಾರ್ಕ್. ಎಪಿ1ರ ಸುಮಾರು 208 ನ್ಯೂಟನ್ ಮೀಟರ್ ಸಿಗುವುದು 7,500 ಆರ್‌ಪಿಎಂನಲ್ಲಿ. ಬಾಕ್ಸ್‌ಸ್ಟರ್ ಎಸ್ 4,600ರಲ್ಲೇ 310 ಕೊಡುತ್ತದೆ. 35 ಮೈಲಿ ಮಿತಿಯ ತಿರುವುಗಳ ರಸ್ತೆಯಲ್ಲಿ ಹೊಂಡಾದ ಎಂಜಿನ್ ಎಚ್ಚರಗೊಳ್ಳುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಇದೇ ಎಂಜಿನ್ ಸ್ವರ್ಗ, ಅವರು ಕಣ್ಣು ಮುಚ್ಚಿ 2004ರ ನಂತರದ ಎಪಿ2 ಕೊಳ್ಳಲಿ. ಅದರ ಹಿಂಬದಿ ಸಸ್ಪೆನ್ಷನ್ ತಿದ್ದಿದ್ದು, ಮಳೆಯಲ್ಲಿ ಹಿಂಭಾಗ ಸರಕ್ಕನೆ ಜಾರುವ ಹಳೆಯ ಚಾಳಿ ತಗ್ಗಿದೆ.

ಎಂ3 ಮೂರರಲ್ಲೂ ವೇಗದ್ದು, ನಾಲ್ಕು ಸೀಟಿನದು, ಮಕ್ಕಳಿರುವ ಮನೆಗೆ ಒಗ್ಗುವಂಥದ್ದು. ಆದರೆ ಇದರಲ್ಲಿ ದೊಡ್ಡ ಕೆಲಸ ಒಂದಲ್ಲ, ಮೂರು. ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು. 2001–2003ರ ಕಾರುಗಳಿಗೆ ಕಂಪನಿಯೇ ಕರೆಸಿ ಬದಲಿಸಿಕೊಟ್ಟಿತ್ತು, ಆದರೆ ಅದಾಗಿ ಇಪ್ಪತ್ತು ವರ್ಷ. ವ್ಯಾನೋಸ್, ಅಂದರೆ ವಾಲ್ವ್ ಟೈಮಿಂಗ್ ಬದಲಿಸುವ ಘಟಕದಲ್ಲಿ, ಎಕ್ಸಾಸ್ಟ್ ಹಬ್ಬಿನ ಕಿವಿಗಳು ಮುರಿದು ಒಳಗೆ ಬೀಳುತ್ತವೆ. ಹಿಂದಿನ ಸಬ್‌ಫ್ರೇಮ್ ಬೋಲ್ಟು ಕೂರುವ ಕಡೆ ಕಾರಿನ ತಳದ ತಗಡೇ ಬಿರುಕು ಬಿಡುತ್ತದೆ. ಬೆಸುಗೆ ಹಾಕಿ ಪಟ್ಟಿ ಕೊಡಿಸಬೇಕು. ಮೂರೂ ಬೇರೆ ಬೇರೆ ಜಾಗದ ಕೆಲಸ, ಒಂದಕ್ಕೆ ಬಿಚ್ಚಿದಾಗ ಇನ್ನೊಂದು ಕೈಗೆ ಸಿಗುವುದಿಲ್ಲ, ಕೂಲಿ ಮೂರು ಸಲ. ಜೊತೆಗೆ 10ಡಬ್ಲ್ಯು-60 ಆಯಿಲ್, ಕಾಲಕಾಲಕ್ಕೆ ವಾಲ್ವ್ ಕ್ಲಿಯರೆನ್ಸ್. ಮೂರೂ ಮುಗಿಸಿದ ಕಾರು ನನ್ನ ಬಜೆಟ್ ದಾಟುತ್ತದೆ, ಮುಗಿಸದ ಕಾರು ಆಮೇಲೆ ದಾಟಿಸುತ್ತದೆ. ಎಸ್‌ಎಂಜಿ, ಅಂದರೆ ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್ ಇರುವುದನ್ನಂತೂ ಬೇಡ ಅನ್ನುತ್ತೇನೆ.

ಮಾಜ್ದಾ ಮಿಯಾಟಾ ಏಕಿಲ್ಲ ಎಂದು ಕೇಳುವವರಿಗೆ: ಒಳ್ಳೆಯ ಕಾರು, ಕೆಡುವುದು ಕಡಿಮೆ, ಅರ್ಧ ದುಡ್ಡು. ಏರುದಾರಿಯಲ್ಲಿ ಎಂಜಿನ್ ನನಗೆ ಸಾಲದು.

ಊರಿಗೆ ವಾಪಸಾಗುವಾಗ ಜೊತೆಗೆ ಒಯ್ಯುವ ಆಸೆಯಿದ್ದರೆ ಮೂರರಲ್ಲಿ ಯಾವುದೂ ಆಗದು. ಭಾರತಕ್ಕೆ ತರುವ ಹಳೆಯ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇಲ್ಲಿ ಕೊಂಡು ಇಲ್ಲೇ ಮಾರುವ ಲೆಕ್ಕವಿಡಿ. ಆ ದೃಷ್ಟಿಯಿಂದಲೂ ಬೇರಿಂಗ್ ಬಿಲ್ ಮತ್ತು ಪ್ರತಿ ಆಯಿಲ್ ಬದಲಾವಣೆಯ ರಸೀದಿ ಒಂದು ಫೈಲಿನಲ್ಲಿರಲಿ, ಬಾಕ್ಸ್‌ಸ್ಟರ್ ಕೊಳ್ಳುವವರು ಮೊದಲು ಕೇಳುವುದೇ ಅದನ್ನು.

2003ಕ್ಕಿಂತ ಹಳೆಯ ಬಾಕ್ಸ್‌ಸ್ಟರ್‌ನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್‌ನದು, ಮಸುಕಾಗಿ ಸೀಳುತ್ತದೆ; 2003ರಿಂದ ಗಾಜು ಬಂತು. ಬಜೆಟ್ ಇನ್ನೂ ಮೇಲೆ ಹೋಗುವುದಾದರೆ 2005–2008ರ ನಡುವಿನದನ್ನು ದಾಟಿ ನೇರ 2009 ಮತ್ತು ನಂತರದ 987 ಮಾದರಿಯ ಬಾಕ್ಸ್‌ಸ್ಟರ್‌ಗೆ ಹೋಗಿ. ಆ ಎಂಜಿನ್‌ನಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬುದೇ ಇಲ್ಲ.